ಹಳೆಯ ಚರ್ಚಿನೊಳಗೆ ಹೊಸ ಆಫೀಸು: ಮಳೆಯ ದಿನದ ಭೇಟಿಯಿಂದ ಮೊದಲ ಚಳಿಗಾಲದವರೆಗೆ

ಇಂಗ್ಲೆಂಡಿನ ಉತ್ತರದ ಊರೊಂದರಲ್ಲಿ ಮುಚ್ಚಿಹೋಗಿದ್ದ ವಿಕ್ಟೋರಿಯಾ ಕಾಲದ ಚರ್ಚನ್ನು ಆಫೀಸು ಮಾಡುವ ಕೆಲಸಕ್ಕೆ ಎಂಜಿನಿಯರ್ ಆಗಿ ಸೇರಿದೆ. ಹಾಸನದಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಕಣೋ, ದೇವರ ಮನೇಲಿ ಕಂಪ್ಯೂಟರ್ ಇಟ್ಕೊಂಡು ಕೂರೋದಾ? ಚಪ್ಪಲಿನಾದ್ರೂ ಹೊರಗೆ ಬಿಡ್ತೀರಾ?" ಅಲ್ಲಿ ಆ ಪದ್ಧತಿ ಇಲ್ಲಮ್ಮ ಎಂದು ನಕ್ಕು ಫೋನ್ ಇಟ್ಟೆ. ಆಮೇಲೆ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇತ್ತು. ನನ್ನ ಮದುವೆಯಾದ ಜಾಗದಲ್ಲಿ ಪ್ರಿಂಟರ್ ಇಡುತ್ತೀರಾ ಎಂದು ಅಲ್ಲಿನ ಅಜ್ಜಿಯೊಬ್ಬರು ಕೇಳಿದರು. ಕಂಬಕ್ಕೆ ಒಂದು ಮೊಳೆ ಹೊಡೆಯುತ್ತೇವೆ ಎಂದರೂ ಕೌನ್ಸಿಲ್‌ನ ಅಧಿಕಾರಿ ಯಾಕೆ ಎಂದು ಕೇಳಿದರು.

ನಮ್ಮ ಕಡೆ ಚರ್ಚು ಖಾಲಿ ಬೀಳುವುದು ಅಪರೂಪ. ಅಲ್ಲಿ ಹಾಗಲ್ಲ. ಚರ್ಚ್ ಆಫ್ ಇಂಗ್ಲೆಂಡ್ ಒಂದೇ 1969ರಿಂದ ಈಚೆಗೆ ಸುಮಾರು ಎರಡು ಸಾವಿರ ಚರ್ಚುಗಳನ್ನು ಮುಚ್ಚಿದೆ. ಭಾನುವಾರ ಬರುವವರು ಕಡಿಮೆಯಾದರು, ಗಿರಣಿ ಕೆಲಸಗಾರರಿಗೆಂದು ಕಟ್ಟಿದ ಬಡಾವಣೆಗಳಲ್ಲಿ ಜನ ಬದಲಾದರು. ಕಟ್ಟಡಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಕೆಲವು ಮನೆಗಳಾಗಿವೆ, ಕೆಲವು ಕಸರತ್ತಿನ ಶಾಲೆಗಳಾಗಿವೆ, ಕೆಲವು ಆಫೀಸುಗಳಾಗಿವೆ.

ನೀವು ಅಂಥದೊಂದು ಕೆಲಸಕ್ಕೆ ಕೈ ಹಾಕುವವರಾದರೆ ಈ ಬರಹ ನಿಮಗೆ. ಕಾನೂನಿನ ಮಾತೆಲ್ಲ ಇಂಗ್ಲೆಂಡಿನದು. ಗಾಳಿ, ಸದ್ದು, ಸುಣ್ಣದ ಮಾತು ಎಲ್ಲ ಕಡೆಗೂ ಒಂದೇ. ಇಡೀ ಕೆಲಸದಲ್ಲಿ ನಾನು ಹಿಡಿದ ಸೂತ್ರ ಇಷ್ಟು: ಚರ್ಚನ್ನು ಚರ್ಚಾಗಿಯೇ ಬಿಟ್ಟು, ಅದರೊಳಗೆ ಆಫೀಸನ್ನು ಒಂದು ಪೀಠೋಪಕರಣದ ಹಾಗೆ ಇಡುವುದು. ನಾಳೆ ಬೇಡವೆಂದರೆ ಬಿಚ್ಚಿ ಲಾರಿಗೆ ಹೇರುವಂತಿರಬೇಕು.

ಹೆಜ್ಜೆ 1: ಮಳೆ ಬರುವಾಗ ನೋಡಲು ಹೋಗಿ

ಮನೆ ತೋರಿಸಲು ಬಿಸಿಲಿನ ದಿನ ಕರೆಯುವುದು ಎಲ್ಲ ಊರಿನ ಬ್ರೋಕರ್‌ಗಳ ಬುದ್ಧಿ. ನೀವು ಜೋರು ಮಳೆಯ ದಿನ ಹೋಗಿ. ಒಂದು ದುರ್ಬೀನು, ಒಂದು ಟಾರ್ಚು, ಗಟ್ಟಿ ಬೂಟು ಸಾಕು. ಒಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು ಹಾಕಿ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ನೋಡಿ.

ಸೂರಿನ ಗಟರ್ ತುಂಬಿ ಗೋಡೆಯ ಮೇಲೆ ಸುರಿಯುತ್ತಿದೆಯೇ? ಛಾವಣಿಯ ಎರಡು ಇಳಿಜಾರು ಸೇರುವ ಕಣಿವೆಯಲ್ಲಿ ಎಲೆ ಕಟ್ಟಿಕೊಂಡಿದೆಯೇ? ಎರಕದ ಕಬ್ಬಿಣದ ಇಳಿಕೊಳವೆಯ ಹಿಂಬದಿಯನ್ನು ಕೈಯಾಡಿಸಿ ನೋಡಿ. ಅದು ಸೀಳುವುದು ಹೆಚ್ಚಾಗಿ ಗೋಡೆಯ ಕಡೆಗೆ, ಬಣ್ಣ ಬಳಿಯುವವನ ಬ್ರಷ್ಷು ತಲುಪದ ಕಡೆ. ಛಾವಣಿಯ ಸೀಸದ ಹಾಳೆಗಳು ಇವೆಯೋ ಕಳುವಾಗಿವೆಯೋ ನೋಡಿ. ಅಲ್ಲಿ ಸೀಸದ ಕಳ್ಳರ ಕಾಟ ಜಾಸ್ತಿ. ಕಳುವಾದ ಕಡೆ ಈಗ ಲೇಪ ಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ತಗಡು ಹಾಕುವುದುಂಟು. ಅದನ್ನು ಮಾರಿದರೆ ಕಳ್ಳನಿಗೆ ಹೆಚ್ಚೇನೂ ಸಿಗುವುದಿಲ್ಲ.

ಆಮೇಲೆ ಗೋಡೆಯ ಬುಡ. ಹಳೆಯ ಚರ್ಚಿನ ಸುತ್ತ ಶತಮಾನಗಟ್ಟಲೆ ಹೆಣ ಹೂಳಿರುತ್ತಾರೆ. ಹೂಳಿದಷ್ಟೂ ನೆಲ ಏರುತ್ತದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಮೇಲೆ ಬಂದಿದ್ದರೆ ತೇವ ನೇರ ಗೋಡೆಗೆ ಇಳಿಯುತ್ತದೆ. ಒಳಗಿನ ಬಣ್ಣ ಉದುರಿದ್ದನ್ನು ನೋಡಿ ತೇವ ತಡೆಯಲೆಂದು ಗೋಡೆಗೆ ರಾಸಾಯನಿಕ ಚುಚ್ಚುವ ಕಂಪನಿಯವರನ್ನು ಕರೆಯಬೇಡಿ. ಮೊದಲು ಗಟರ್ ಸರಿ ಮಾಡಿಸಿ, ಇಳಿಕೊಳವೆಯ ನೀರು ಗೋಡೆಯಿಂದ ದೂರ ಹೋಗುವಂತೆ ಮಾಡಿ. ಆಮೇಲೆ ಒಂದು ವರ್ಷ ಕಾಯಿರಿ. ದಪ್ಪ ಕಲ್ಲಿನ ಗೋಡೆ ಒಣಗುವುದು ನಿಧಾನ.

ಕಲ್ಲಿನ ಸಂದುಗಳಲ್ಲಿ ಬೂದು ಸಿಮೆಂಟು ಕಂಡರೆ ಗುರುತು ಹಾಕಿಕೊಳ್ಳಿ. ನಮ್ಮ ಹಳೆಯ ತೊಟ್ಟಿ ಮನೆಗಳ ಹಾಗೆ ಈ ಗೋಡೆಗಳೂ ಸುಣ್ಣದ ಗಾರೆಯವು. ಗಾರೆ ತೇವವನ್ನು ಒಳಗೆಳೆದುಕೊಂಡು ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಆಗ ತೇವ ಕಲ್ಲಿನ ಮೂಲಕ ಹೊರಬರುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ಕಲ್ಲಿನ ಮುಖ ಹಪ್ಪಳದಂತೆ ಏಳುತ್ತದೆ. ಸಿಮೆಂಟು ಗಟ್ಟಿಯಾಗಿ ಉಳಿದು ಕಲ್ಲು ಸವೆದಿರುವ ಗೋಡೆಗಳನ್ನು ಅಲ್ಲಿ ಬೇಕಾದಷ್ಟು ನೋಡಿದ್ದೇನೆ.

ಛಾವಣಿ ಹೋದ ಚರ್ಚು ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೊಮ್ಮೆ ಮುಳುಗಿ ಏಳುವ ಚರ್ಚನ್ನು ನೋಡಲು ಎಷ್ಟು ಜನ ಹೋಗುತ್ತಾರೆ! ಫೋಟೋಗೆ ಚೆಂದ. ಅದರೊಳಗೆ ಒಂದು ಕುರ್ಚಿ ಹಾಕಲಾಗದು. ಹಾಗಾಗಿ ಬಜೆಟ್ಟಿನಲ್ಲಿ ಮೊದಲ ಸಾಲು ಛಾವಣಿ ಮತ್ತು ಗಟರ್. ಮೇಜು ಕುರ್ಚಿ ಕೊನೆಯ ಸಾಲು.

ಹೆಜ್ಜೆ 2: ಯಾರದು, ಯಾರನ್ನು ಕೇಳಬೇಕು

ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡವಾದರೆ ಅಲ್ಲಿನ ಪಾದ್ರಿಯ ಒಪ್ಪಿಗೆ ಸಾಲದು. 2011ರ ಮಿಷನ್ ಅಂಡ್ ಪಾಸ್ಟೋರಲ್ ಮೆಷರ್ ಎಂಬ ಕಾನೂನಿನಡಿ ಮೊದಲು ಅದನ್ನು ಔಪಚಾರಿಕವಾಗಿ ಮುಚ್ಚಬೇಕು. ಡಯೋಸಿಸ್ (ಒಬ್ಬ ಬಿಷಪ್ಪರ ಆಡಳಿತ ಪ್ರದೇಶ), ಬಿಷಪ್, ಚರ್ಚ್ ಕಮಿಷನರ್ಸ್ (ಚರ್ಚಿನ ಆಸ್ತಿ ನೋಡುವ ಮಂಡಳಿ), ಹೀಗೆ ಮೆಟ್ಟಿಲು ಹತ್ತಬೇಕು. ಮುಚ್ಚಿದ ಮೇಲೆ ಹೊಸ ಬಳಕೆ ಹುಡುಕಲು ಎರಡು ವರ್ಷದವರೆಗೆ ಕಾಲ ಇರುತ್ತದೆ. ಆಮೇಲೆ ಹೊಸ ಬಳಕೆಯ ಕರಡು ಯೋಜನೆ ಹೊರಬರುತ್ತದೆ, ಜನರಿಗೆ ಆಕ್ಷೇಪ ಹೇಳಲು ಅವಕಾಶ ಸಿಗುತ್ತದೆ. ಬಳಕೆ ಸಿಗದ, ಆದರೆ ಕಳೆದುಕೊಳ್ಳಬಾರದ ಚರ್ಚುಗಳನ್ನು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ನೋಡಿಕೊಳ್ಳುತ್ತದೆ. 1969ರಲ್ಲಿ ಶುರುವಾದ ಅದರ ಕೈಯಲ್ಲಿ ಈಗ 350ಕ್ಕೂ ಹೆಚ್ಚು ಚರ್ಚುಗಳಿವೆ.

ಕ್ಯಾಥೊಲಿಕ್ ಚರ್ಚಾದರೆ ದಾರಿ ಬೇರೆ. 1983ರ ಕ್ಯಾನನ್ ಕಾನೂನಿನ 1222ನೇ ವಿಧಿ ಪ್ರಕಾರ ಬಿಷಪ್ ಕಟ್ಟಡವನ್ನು ಲೌಕಿಕ ಬಳಕೆಗೆ ಬಿಡಬಹುದು. ಆ ಬಳಕೆ ಕೀಳಾದದ್ದಾಗಿರಬಾರದು ಅಷ್ಟೆ. ಆಫೀಸು ಕೀಳಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಸೋಮವಾರದ ಬೆಳಗಿನ ಮೀಟಿಂಗ್‌ಗಳ ಬಗ್ಗೆ ನನಗೆ ಬೇರೆ ಅಭಿಪ್ರಾಯವಿದೆ, ಇರಲಿ.

ಈಗ ಮುಖ್ಯ ಮಾತು. ಆರಾಧನೆ ನಡೆಯುವ ತನಕ ಚರ್ಚುಗಳಿಗೆ ಲಿಸ್ಟೆಡ್ ಕಟ್ಟಡಗಳ (ಚಾರಿತ್ರಿಕ ಮಹತ್ವಕ್ಕಾಗಿ ಸರ್ಕಾರದ ಪಟ್ಟಿಗೆ ಸೇರಿದ ಕಟ್ಟಡಗಳ) ಅನುಮತಿಯಿಂದ ಒಂದು ವಿನಾಯಿತಿ ಇರುತ್ತದೆ. ಮುಚ್ಚಿದ ಮೇಲೆ ಅದು ಹೋಗುತ್ತದೆ. ಆಮೇಲೆ ನಿಮಗೆ ಎರಡು ಬೇರೆ ಬೇರೆ ಒಪ್ಪಿಗೆ ಬೇಕು: ಬಳಕೆ ಬದಲಿಸಲು ಪ್ಲಾನಿಂಗ್ ಅನುಮತಿ, ಕಟ್ಟಡ ಮುಟ್ಟಲು ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್. ಎರಡನೆಯದಿಲ್ಲದೆ ಕಟ್ಟಡದ ಸ್ವರೂಪ ಬದಲಿಸುವ ಕೆಲಸ ಮಾಡಿದರೆ 1990ರ ಕಾಯ್ದೆ ಪ್ರಕಾರ ಅದು ಅಪರಾಧ. ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ನಮ್ಮೂರ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಲಿಸ್ಟೆಡ್ ಕಟ್ಟಡಗಳಲ್ಲಿ ಮೂರು ದರ್ಜೆ: ಒಂದು, ಎರಡು-ನಕ್ಷತ್ರ, ಎರಡು. ಸಾಮಾನ್ಯ ಮನೆಗಳು ಹೆಚ್ಚಾಗಿ ಕೊನೆಯ ದರ್ಜೆಯಲ್ಲಿ ಬರುತ್ತವೆ. ಚರ್ಚುಗಳು ಮೇಲಿನ ಎರಡರಲ್ಲಿ ಬರುವುದು ಜಾಸ್ತಿ. ಹಾಗಾಗಿ ನಕ್ಷೆ ಬರೆಸುವ ಮೊದಲೇ ಕೌನ್ಸಿಲ್‌ನ ಸಂರಕ್ಷಣಾ ಅಧಿಕಾರಿಯನ್ನು ಚರ್ಚಿಗೇ ಕರೆದುಕೊಂಡು ಬನ್ನಿ. ಒಂದು ಫ್ಲಾಸ್ಕ್ ಟೀ ಜೊತೆಗಿರಲಿ. ನಿಮ್ಮ ನಕ್ಷೆ ತೋರಿಸುವ ಮೊದಲು, ಇಲ್ಲಿ ಯಾವುದನ್ನು ಮುಟ್ಟಬಾರದು ಎಂದು ಅವರಿಂದಲೇ ಕೇಳಿ ಬರೆದುಕೊಳ್ಳಿ. ಮುಂದಿನ ಆರು ತಿಂಗಳ ಪತ್ರ ವ್ಯವಹಾರ ಆ ಒಂದು ಗಂಟೆಯಲ್ಲಿ ಉಳಿಯಬಹುದು.

ಕ್ರಯಪತ್ರದಲ್ಲಿ ಷರತ್ತುಗಳಿರುತ್ತವೆ. ಯಾವ ಬಳಕೆ ಕೂಡದು, ಸುತ್ತಲಿನ ಸಮಾಧಿಗಳಿಗೆ ಬರುವ ಬಂಧುಗಳಿಗೆ ದಾರಿ ಹೇಗೆ ಬಿಡಬೇಕು, ಗಂಟೆ ಯಾರದು. ಒಂದೊಂದನ್ನೂ ವಕೀಲರ ಜೊತೆ ಕೂತು ಓದಿ. ನಮ್ಮ ಕಾರ್ ಪಾರ್ಕಿಂಗ್ ನಕ್ಷೆ ಪೂರ್ತಿ ಬದಲಾಗಿದ್ದು ಸಮಾಧಿಯ ದಾರಿಯ ಒಂದು ಸಾಲಿನಿಂದ.

ಹೆಜ್ಜೆ 3: ಒಳಗೆ ಈಗಾಗಲೇ ಯಾರಿದ್ದಾರೆ?

ಖಾಲಿ ಚರ್ಚು ಖಾಲಿಯಾಗಿರುವುದಿಲ್ಲ. ಮೊದಲು ಬಾವಲಿಗಳು. ಬ್ರಿಟನ್ನಿನ ಎಲ್ಲ ಜಾತಿಯ ಬಾವಲಿಗಳಿಗೂ, ಅವು ವಾಸಿಸುವ ಜಾಗಕ್ಕೂ ಕಾನೂನಿನ ರಕ್ಷಣೆ ಇದೆ. ಅವು ಎಲ್ಲಿಂದ ಹೊರಬೀಳುತ್ತವೆ ಎಂದು ಮುಸ್ಸಂಜೆಯಲ್ಲಿ ಕೂತು ಎಣಿಸುವ ಸಮೀಕ್ಷೆ ಮಾಡಿಸಬೇಕು. ಅದಕ್ಕೆ ಸರಿಯಾದ ಕಾಲ ಮೇ ತಿಂಗಳಿಂದ ಅಲ್ಲಿನ ಬೇಸಿಗೆ ಮುಗಿಯುವವರೆಗೆ ಮಾತ್ರ. ಅಕ್ಟೋಬರಿನಲ್ಲಿ ನೆನಪಾದರೆ ಮುಂದಿನ ಮೇ ತನಕ ಕಾಯಬೇಕು. ಇಡೀ ಯೋಜನೆಯ ಕ್ಯಾಲೆಂಡರನ್ನು ಬಾವಲಿಯಿಂದ ಶುರು ಮಾಡಿ ಎಂದು ನಾನು ಹೇಳಿದರೆ ಜನ ನಗುತ್ತಾರೆ. ಒಂದು ವರ್ಷ ಕಳೆದುಕೊಂಡವರು ನಗುವುದಿಲ್ಲ.

ಎರಡನೆಯವರು ಸತ್ತವರು. ನೆಲದ ಕಲ್ಲುಗಳ ಕೆಳಗೆ, ಕೆಲವೊಮ್ಮೆ ಗೋಡೆಗೆ ತಾಗಿಕೊಂಡೇ, ಸಮಾಧಿಗಳಿರುತ್ತವೆ. ಮನುಷ್ಯರ ಅವಶೇಷ ಕದಲಿಸಲು ಬೇರೆ ಪರವಾನಗಿ ಬೇಕು, ಪುರಾತತ್ವದವರು ನಿಂತು ನೋಡಬೇಕು. ಬಾತ್ ಅಬ್ಬೆಯಲ್ಲಿ ಹೀಗೇ ಆಯಿತು. ಅದು ಈಗಲೂ ಆರಾಧನೆ ನಡೆಯುವ ಚರ್ಚು. ನೆಲದ ಕೆಳಗಿನ ಸಾವಿರಾರು ಸಮಾಧಿಗಳಿಂದ ಟೊಳ್ಳಾಗಿ ನೆಲವೇ ಕುಸಿಯತೊಡಗಿತ್ತು. ಅದನ್ನು ಗಟ್ಟಿ ಮಾಡುವಾಗ, ಆ ಊರಿನ ಬಿಸಿನೀರಿನ ಬುಗ್ಗೆಯ ಶಾಖವನ್ನೇ ಬಳಸಿ ನೆಲ ಬೆಚ್ಚಗಾಗುವ ವ್ಯವಸ್ಥೆ ಮಾಡಿಕೊಂಡರು. ಅಷ್ಟು ಹಣ, ಅಷ್ಟು ತಾಳ್ಮೆ ಆಫೀಸು ಮಾಡುವವರಿಗೆ ಇರುವುದಿಲ್ಲ. ಆದಷ್ಟು ನೆಲ ಅಗೆಯಬೇಡಿ.

ಮೂರನೆಯದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಬಾಯ್ಲರ್ ಕೋಣೆಯ ಕೊಳವೆಗಳ ಸುತ್ತ ಇರಬಹುದೆಂದು ಎಲ್ಲರೂ ಊಹಿಸುತ್ತಾರೆ. ಚರ್ಚಿನ ಕೊಳವೆ ವಾದ್ಯವಾದ ಆರ್ಗನ್‌ಗೆ ಗಾಳಿ ಊದುವ ಯಂತ್ರದ ಪೆಟ್ಟಿಗೆಯ ಒಳಗೂ ಸದ್ದು ತಡೆಯಲು ಅದನ್ನೇ ಹಾಕಿರುತ್ತಿದ್ದರು. ಕೆಲಸ ಶುರು ಮಾಡುವ ಮೊದಲೇ ಪೂರ್ಣ ಸಮೀಕ್ಷೆ ಮಾಡಿಸಿ.

ಇನ್ನು ಬೆಂಚುಗಳು, ಆರ್ಗನ್, ದೀಕ್ಷಾಸ್ನಾನದ ತೊಟ್ಟಿ, ಯುದ್ಧದಲ್ಲಿ ಸತ್ತವರ ಹೆಸರಿನ ಫಲಕ. ತೊಟ್ಟಿ ಮತ್ತು ಪೂಜೆಯ ಪೀಠವನ್ನು ಚರ್ಚಿನವರೇ ಹೆಚ್ಚಾಗಿ ಬೇರೆಡೆ ಒಯ್ಯುತ್ತಾರೆ. ಹೆಸರಿನ ಫಲಕ ಇದ್ದಲ್ಲೇ ಇರಲಿ. ಅದರ ಮುಂದೆ ಕಾಫಿ ಯಂತ್ರ ಇಡಬೇಡಿ. ವರ್ಷಕ್ಕೊಂದು ದಿನ, ನವೆಂಬರಿನಲ್ಲಿ, ಹೂವಿಡಲು ಬರುವವರಿಗೆ ಬಾಗಿಲು ತೆರೆದಿಡಿ. ಮದುವೆಯ ಅಜ್ಜಿ ಬಂದದ್ದು ಆ ದಿನವೇ. ಪ್ರಿಂಟರ್ ಎಲ್ಲಿಟ್ಟಿದ್ದೀರಿ ಎಂದು ನೋಡಿಕೊಂಡು ಹೋದರು.

ಹೆಜ್ಜೆ 4: ಮನೆಯೊಳಗೊಂದು ಮನೆ

ಈಗ ನಕ್ಷೆ. ಎಲ್ಲರೂ ಮೊದಲು ಮಾಡುವ ತಪ್ಪು, ನಡುವಿನ ಹಜಾರಕ್ಕೆ ಅಡ್ಡಲಾಗಿ ಒಂದು ಮಹಡಿ ಹಾಕುವುದು. ಜಾಗ ಎರಡು ಪಟ್ಟಾಗುತ್ತದೆ ನಿಜ. ಆದರೆ ಕೆಳಗಿನವರಿಗೆ ಛಾವಣಿ ಕಾಣುವುದಿಲ್ಲ, ಮೇಲಿನವರಿಗೆ ಕಿಟಕಿಯ ಅರ್ಧ ಮಾತ್ರ ಕಾಣುತ್ತದೆ. ಬಾಗಿಲು ತೆರೆದಾಗ ಪೂರ್ವದ ದೊಡ್ಡ ಕಿಟಕಿಯ ತನಕ ಕಣ್ಣು ಓಡಬೇಕು. ಅದು ಹೋದರೆ ಸುಮ್ನೆ ಹಳೆಯ ಗೋಡೆಗೆ ಬಾಡಿಗೆ ಕಟ್ಟಿದ ಹಾಗೆ.

ಮಾಸ್ಟ್ರಿಕ್ಟ್‌ನ ಡೊಮಿನಿಕನ್ ಚರ್ಚನ್ನು ನೋಡಿ ಬನ್ನಿ. ನೆದರ್ಲೆಂಡ್ಸ್‌ನಲ್ಲಿ 1294ರಲ್ಲಿ ಪ್ರತಿಷ್ಠೆಯಾದ ಚರ್ಚು. 1794ರಲ್ಲಿ ಫ್ರೆಂಚ್ ಸೈನ್ಯ ಬಂದ ಮೇಲೆ ಅಲ್ಲಿ ಪೂಜೆ ನಿಂತಿತು. ಆಮೇಲೆ ಉಗ್ರಾಣವಾಯಿತು, ಕೊನೆಗೆ ಸೈಕಲ್ ನಿಲ್ಲಿಸುವ ಜಾಗವೂ ಆಯಿತು. 2006ರಲ್ಲಿ ಪುಸ್ತಕದ ಅಂಗಡಿ ಮಾಡಿದರು. ಅಂಗಡಿಯವರಿಗೆ ಬೇಕಾಗಿದ್ದ ಜಾಗ ನೆಲದ ಮೇಲೆ ಇರಲಿಲ್ಲ. ಮರ್ಕ್ಸ್ ಮತ್ತು ಗಿರೋ ಎಂಬ ವಾಸ್ತುಶಿಲ್ಪಿಗಳು ಮಹಡಿ ಹಾಕುವ ಬದಲು ಹಜಾರದ ಒಂದು ಪಕ್ಕಕ್ಕೆ ಮಾತ್ರ ಹಲವು ಅಂತಸ್ತಿನ ಕಪ್ಪು ಉಕ್ಕಿನ ಪುಸ್ತಕದ ಕಪಾಟು ನಿಲ್ಲಿಸಿದರು. ಒಳಗೇ ಮೆಟ್ಟಿಲು. ಜನ ಹತ್ತಿ ಹೋಗಿ ಕಮಾನುಗಳ ಹತ್ತಿರ ನಿಂತು ಪುಸ್ತಕ ನೋಡುತ್ತಾರೆ. ಇನ್ನೊಂದು ಪಕ್ಕ ಖಾಲಿ, ಚರ್ಚಿನ ಎತ್ತರ ಪೂರ್ತಿ ಕಾಣುತ್ತದೆ. ಒಂದೇ ಪಕ್ಕಕ್ಕೆ ಭಾರ ಹಾಕಿದ ಆ ಧೈರ್ಯ ನನಗೆ ತುಂಬಾ ಇಷ್ಟ.

ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಆಲ್ ಸೋಲ್ಸ್ ಚರ್ಚು ಇದೆ. ಗಿರಣಿ ಮಾಲೀಕರು 1881ರಲ್ಲಿ ಕಟ್ಟಿಸಿದ್ದು, 1986ರಲ್ಲಿ ಮುಚ್ಚಿತು. ಹಜಾರದಲ್ಲಿ ಕಂಬಗಳೇ ಇಲ್ಲ. 2014ರಲ್ಲಿ ಅದರೊಳಗೆ ಹೊಸ ಬಿಳಿ ಕೋಣೆಗಳ ಗುಂಪೊಂದನ್ನು ಕಟ್ಟಿ ಸಮುದಾಯ ಕೇಂದ್ರ, ಮೀಟಿಂಗ್ ಕೋಣೆ, ಆಫೀಸು ಮಾಡಿದರು. ಸುತ್ತಲಿನ ಬಡಾವಣೆಯಲ್ಲಿ ಈಗ ದಕ್ಷಿಣ ಏಷ್ಯಾ ಮೂಲದ ಮುಸ್ಲಿಮರು ಬಹಳ. ಚರ್ಚು ಉಳಿಸಲು ಓಡಾಡಿದವರಲ್ಲಿ ಅವರೂ ಇದ್ದರು.

ಬಾರ್ಸಿಲೋನಾದ ತೋರೆ ಜಿರೋನಾ ಚಾಪೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಗಾಜಿನ ದೊಡ್ಡ ಪೆಟ್ಟಿಗೆಯೊಳಗೆ ಮಾರೆನೋಸ್ಟ್ರಮ್ ಎಂಬ ಸೂಪರ್ ಕಂಪ್ಯೂಟರ್ ಕೂರಿಸಿದರು. ತಂಪು ಬೇಕಾದ್ದು ಯಂತ್ರಕ್ಕೆ ತಾನೇ, ಇಡೀ ಚಾಪೆಲ್‌ಗೆ ಯಾಕೆ? ಇದೇ ಬುದ್ಧಿಯನ್ನು ನಿಮ್ಮ ಆಫೀಸಿಗೆ ತಿರುಗಿಸಿ ಹಾಕಿ.

ಇದನ್ನೆಲ್ಲ ಕಾಗದಕ್ಕೆ ಇಳಿಸುವುದು ಹೇಗೆ? ಒಂದು ಮಧ್ಯಮ ಹಜಾರ ಅಂದುಕೊಳ್ಳಿ: 25 ಮೀಟರ್ ಉದ್ದ, 12 ಅಗಲ, ಸರಾಸರಿ 12 ಎತ್ತರ. ನೆಲ 300 ಚದರ ಮೀಟರ್. ಓಡಾಟ, ಮೀಟಿಂಗ್ ಎಲ್ಲ ಸೇರಿ ಒಬ್ಬರಿಗೆ 10 ಚದರ ಮೀಟರ್ ಹಿಡಿದರೆ 30 ಜನ. ಒಂದು ಪಕ್ಕಕ್ಕೆ 100 ಚದರ ಮೀಟರ್ ಅಟ್ಟ ಹಾಕಿದರೆ ಇನ್ನು ಹತ್ತು ಜನ. ಇದಕ್ಕಿಂತ ಜಾಸ್ತಿ ತುರುಕಬೇಕೆಂದರೆ ನಿಮಗೆ ಬೇರೆ ಕಟ್ಟಡ ಬೇಕು.

ಅಟ್ಟ ಅಂದೆನಲ್ಲ, ಅದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಗೋಡೆಗೆ, ಕಂಬಕ್ಕೆ ಒಂದು ಬೋಲ್ಟೂ ಬೇಡ. ಅಲ್ಲಿ ಆಫೀಸಿನ ನೆಲಕ್ಕೆ ಚದರ ಮೀಟರಿಗೆ ಸುಮಾರು 250 ಕಿಲೋ ಭಾರ ಲೆಕ್ಕ ಹಿಡಿಯುತ್ತೇವೆ. 100 ಚದರ ಮೀಟರಿಗೆ 25 ಟನ್ ಆಯಿತು, ಉಕ್ಕಿನ ತೂಕ ಬೇರೆ. ಇಷ್ಟನ್ನು ನಾಲ್ಕು ಕಾಲಿನ ತುದಿಯಲ್ಲಿ ನೆಲಕ್ಕೆ ಚುಚ್ಚಿದರೆ ಕೆಳಗಿನ ಸಮಾಧಿಯ ಕಮಾನು ಒಡೆಯುತ್ತದೆ. ತೆಳ್ಳಗಿನ ಅಗಲ ಚಪ್ಪಡಿಯ ಮೇಲೆ ಭಾರ ಹರಡಿ. ಹಳೆಯ ಗೋಡೆಗೂ ಹೊಸ ಅಟ್ಟಕ್ಕೂ ನಡುವೆ ಕೈ ಹಿಡಿಸುವಷ್ಟು ಸಂದು ಬಿಡಿ. ಧೂಳು ಹೊಡೆಯಲು ಬೇಕು. ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂಬುದೂ ಕಣ್ಣಿಗೆ ಕಾಣುತ್ತದೆ.

ಹೆಜ್ಜೆ 5: ಬೆಚ್ಚಗಿಡಬೇಕಾದ್ದು ಜನರನ್ನು

ಮೊದಲ ಚಳಿಗಾಲದಲ್ಲೇ ಬಹಳ ಜನ ಸೋಲುವುದು ಇಲ್ಲಿ. ಮೇಲೆ ಲೆಕ್ಕ ಹಾಕಿದ ಹಜಾರದಲ್ಲಿ 3,600 ಘನ ಮೀಟರ್ ಗಾಳಿ ಇದೆ. ಬಿಸಿ ಗಾಳಿ ಊದಿದರೆ ಅದು ಏರಿ 12 ಮೀಟರ್ ಮೇಲೆ ತೊಲೆಗಳ ನಡುವೆ ಹಾಯಾಗಿ ಕೂರುತ್ತದೆ. ಮೇಲೆ ಜೇಡಗಳು ಬೆಚ್ಚಗಿರುತ್ತವೆ, ಕೆಳಗೆ ನೀವು ಕೋಟು ಹಾಕಿಕೊಂಡು ಟೈಪ್ ಮಾಡುತ್ತೀರಿ. ಅಲ್ಲಿನ ಆಫೀಸುಗಳಲ್ಲಿ ಕನಿಷ್ಠ 16 ಡಿಗ್ರಿ ಇರಬೇಕೆಂಬ ಸೂಚನೆ ಇದೆ. 16ರಲ್ಲಿ ಎಂಟು ಗಂಟೆ ಕೂತು ನೋಡಿ, ಗೊತ್ತಾಗುತ್ತದೆ.

ನಾವು ಮಾಡಿದ್ದು ಹೀಗೆ. ಹಳೆಯ ನೆಲದ ಮೇಲೆ ಇನ್ನೊಂದು ಹಗುರ ನೆಲ ಹಾಸಿದೆವು. ಅದರ ಸಂದಿನಲ್ಲಿ ಬೆಚ್ಚಗಿನ ನೀರಿನ ಕೊಳವೆ, ಕರೆಂಟು, ನೆಟ್‌ವರ್ಕ್ ಕೇಬಲ್ ಎಲ್ಲ ಓಡುತ್ತವೆ. ಬಣ್ಣದ ಹೆಂಚಿನ ಹಳೆಯ ನೆಲ ಕೆಳಗೆ ಹಾಗೇ ಇದೆ, ಒಂದು ಮೊಳೆಯೂ ಬಿದ್ದಿಲ್ಲ. ಕಂಬಗಳ ಬುಡದ ಸುತ್ತ ಮಾತ್ರ ಹೊಸ ನೆಲ ಕತ್ತರಿಸಿ ಬಿಟ್ಟೆವು. ಇಲ್ಲದಿದ್ದರೆ ಕಂಬ ಮೊಣಕಾಲಿನ ತನಕ ಹೂತ ಹಾಗೆ ಕಾಣುತ್ತದೆ. ಹೊರಗಿನ ಗಾಳಿಯಿಂದ ಶಾಖ ಎಳೆದು ನೀರು ಬೆಚ್ಚಗೆ ಮಾಡುವ ಹೀಟ್ ಪಂಪಿಗೂ ನೆಲದ ಕೊಳವೆಗೂ ಒಳ್ಳೆಯ ಜೋಡಿ, ಎರಡಕ್ಕೂ ಉಗುರು ಬೆಚ್ಚಗಿನ ನೀರು ಸಾಕು. ಪಂಪಿನ ಫ್ಯಾನಿನ ಸದ್ದು ಪಕ್ಕದ ಮನೆಗೆ ಕೇಳದ ಕಡೆ ಇಡಿ. ಆಕ್ಷೇಪ ಬರುವುದು ಹೆಚ್ಚಾಗಿ ಅದಕ್ಕೇ.

ಎತ್ತರದ ಕಿಟಕಿಗಳ ಕೆಳಗೆ ಕೂತವರು ಯಾರೋ ಬಾಗಿಲು ತೆರೆದಿದ್ದಾರೆ ಎಂದು ದೂರುತ್ತಾರೆ. ಬಾಗಿಲು ಮುಚ್ಚಿಯೇ ಇರುತ್ತದೆ. ತಣ್ಣನೆ ಗಾಜಿಗೆ ತಾಗಿದ ಗಾಳಿ ಭಾರವಾಗಿ ಗೋಡೆಗುಂಟ ಇಳಿದು ಕುತ್ತಿಗೆಗೆ ಬೀಳುತ್ತದೆ ಅಷ್ಟೆ. ಕಿಟಕಿಯ ಬುಡದಲ್ಲಿ ನೆಲದೊಳಗೆ ಸಣ್ಣ ಹೀಟರ್ ಸಾಲು ಇಟ್ಟರೆ ಆ ಇಳಿತ ಮುರಿಯುತ್ತದೆ. ಮೇಜುಗಳನ್ನು ಗೋಡೆಯಿಂದ ಒಂದೂವರೆ ಮೀಟರ್ ಈಚೆಗೆ ಎಳೆಯಿರಿ. ಅದಕ್ಕೆ ಖರ್ಚೇ ಇಲ್ಲ.

ಮೀಟಿಂಗ್, ಫೋನು, ಊಟದ ಕೋಣೆಗಳೆಲ್ಲ ಮುಚ್ಚಿದ ಪೆಟ್ಟಿಗೆಗಳಾಗಿರಲಿ. ಅಲ್ಲಿ 21 ಡಿಗ್ರಿ ಇಟ್ಟುಕೊಳ್ಳಿ. ಹಜಾರ 18ರಲ್ಲಿ ಇದ್ದರೂ ನೆಲ ಬೆಚ್ಚಗಿದ್ದರೆ ನಡೆಯುತ್ತದೆ. ಸುಮ್ನೆ ಕೂತ ಮನುಷ್ಯನೇ ಸುಮಾರು 100 ವಾಟ್ ಶಾಖ ಕೊಡುತ್ತಾನೆ. ಚಿಕ್ಕ ಕೋಣೆಯಲ್ಲಿ ಎಂಟು ಜನ ಕೂತರೆ ಹೀಟರ್ ಬೇಡವೇ ಬೇಡ.

ಒಂದು ಎಚ್ಚರಿಕೆ. ಶನಿವಾರ ಭಾನುವಾರ ಪೂರ್ತಿ ಆರಿಸಿ ಸೋಮವಾರ ಬೆಳಗ್ಗೆ ಭರ್ರನೆ ಬಿಸಿ ಮಾಡಬೇಡಿ. ತಣ್ಣನೆ ಕಲ್ಲಿನ ಮೇಲೆ ಬೆಚ್ಚಗಿನ ಗಾಳಿಯ ತೇವ ಹನಿಗಟ್ಟುತ್ತದೆ, ಮರ ಬಿರಿಯುತ್ತದೆ. ಈ ಕಟ್ಟಡಗಳಿಗೆ ಕಡಿಮೆ ಶಾಖ, ಸದಾಕಾಲ, ಅದೇ ಹಿತ.

ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ನೆನಪಾಗುತ್ತದೆ. ಕನ್ನಡದ ಹಳೆಯ ಪುಸ್ತಕ ಹುಡುಕಿ ಅಲ್ಲಿಂದ ಇಳಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರ ಕಚೇರಿ ಇರುವುದು 1923ರ ಕ್ರಿಶ್ಚಿಯನ್ ಸೈನ್ಸ್ ಎಂಬ ಪಂಥದ ಚರ್ಚಿನಲ್ಲಿ. 2009ರಲ್ಲಿ ಕೊಂಡರು. ಆರಾಧನೆಯ ದೊಡ್ಡ ಹಜಾರದ ಗೂಡುಗಳಲ್ಲೇ ಸರ್ವರ್‌ಗಳು ಮಿನುಗುತ್ತಾ ನಿಂತಿವೆ. ಅವುಗಳಿಗೆ ಏಸಿ ಹಾಕಿ ತಂಪು ಮಾಡುವ ಬದಲು, ಅವುಗಳ ಶಾಖವನ್ನು ಕಟ್ಟಡ ಬೆಚ್ಚಗಿಡಲು ಬಳಸಿಕೊಳ್ಳುತ್ತಾರೆ.

ಹೆಜ್ಜೆ 6: ಮಾತು ಎಲ್ಲಿಗೆ ಹೋಗುತ್ತದೆ

ಚರ್ಚು ಕಟ್ಟಿದ್ದೇ ಹಾಡು ತೇಲಲಿ ಎಂದು. ಅಲ್ಲಿ ಮೂವರು ಒಟ್ಟಿಗೆ ಫೋನಿನಲ್ಲಿ ಮಾತಾಡಿದರೆ ಸಂತೆ.

ಇದಕ್ಕೊಂದು ಹಳೆಯ ಲೆಕ್ಕ ಇದೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರಿಗೆ ಅದನ್ನು ಸರಿಪಡಿಸಲು ಹೇಳಿದರು. ಅವರು ರಾತ್ರಿ ಹೊತ್ತು ಹತ್ತಿರದ ಸಭಾಂಗಣದ ಕುರ್ಚಿ ದಿಂಬುಗಳನ್ನು ಹೊತ್ತು ತಂದು, ಒಂದೊಂದಾಗಿ ಸೇರಿಸುತ್ತಾ, ಆರ್ಗನ್ ಕೊಳವೆಯ ಸದ್ದು ಸಾಯಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಅಳೆದರು. ಅದರಿಂದ ಬಂದ ಸೂತ್ರ ಈಗಲೂ ನಡೆಯುತ್ತದೆ: ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿ. ಉತ್ತರ ಸೆಕೆಂಡಿನಲ್ಲಿ.

ನಮ್ಮ ಹಜಾರಕ್ಕೆ ಹಾಕಿ ನೋಡೋಣ. 3,600 ಗುಣಿಸು 0.161 ಅಂದರೆ ಸುಮಾರು 580. ಬೆಂಚು ತೆಗೆದ ಮೇಲೆ ಕಲ್ಲು, ಗಾಜು, ಮರ ಸೇರಿ ಹೀರುವ ಶಕ್ತಿ 120 ಚದರ ಮೀಟರ್ ಇದ್ದರೆ ಮಾರ್ದನಿ 4.8 ಸೆಕೆಂಡು. ಇದನ್ನು ಒಂದೂವರೆಗೆ ಇಳಿಸಲು ಒಟ್ಟು 386 ಬೇಕು. ಅಂದರೆ ಇನ್ನೂ 266 ಚದರ ಮೀಟರ್. ಹಜಾರದ ನೆಲಕ್ಕೆ ಸಮೀಪದ ಅಳತೆ! ಎಲ್ಲಿಂದ ತರುವುದು?

ಕಲ್ಲಿನ ಗೋಡೆಗೆ ಫೋಮ್ ಅಂಟಿಸುವಂತಿಲ್ಲ. ಹೊಸದಾಗಿ ಇಟ್ಟದ್ದೆಲ್ಲ ಸದ್ದು ಹೀರಬೇಕು. ಅಟ್ಟದ ಕೆಳಮೈ, ಪೆಟ್ಟಿಗೆ ಕೋಣೆಗಳ ಹೊರಗೋಡೆ ಮತ್ತು ನೆತ್ತಿ, ಕಪಾಟಿನ ಬೆನ್ನು, ದಪ್ಪ ಉಣ್ಣೆಯ ಪರದೆ, ಕಾರ್ಪೆಟ್ಟು. ಕೋಣೆಗಳ ನೆತ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ಲಿ ದಪ್ಪ ಹಾಸಿ. ಒಂದೂವರೆ ಸೆಕೆಂಡಿಗಿಂತ ಕೆಳಗಿಳಿಸಲು ಒದ್ದಾಡಬೇಡಿ. ಸ್ವಲ್ಪ ಗುಂಯ್‌ಗುಡುವುದು ಆ ಜಾಗದ ಗುಣ.

ನಮ್ಮ ಪೆದ್ದತನವನ್ನೂ ಹೇಳಿಬಿಡುತ್ತೇನೆ. ಮೊದಲ ಮೀಟಿಂಗ್ ಕೋಣೆಗೆ ಗಾಜಿನ ಗೋಡೆ ಹಾಕಿ, ಛಾವಣಿ ಚೆಂದ ಕಾಣಲೆಂದು ಮೇಲೆ ತೆರೆದೇ ಬಿಟ್ಟೆವು. ಒಬ್ಬರ ಸಂಬಳದ ಮಾತುಕತೆ ಕಮಾನಿಗೆ ಹೋಗಿ ಬಡಿದು, ಇಡೀ ಆಫೀಸಿಗೆ ಅಕ್ಷರ ಅಕ್ಷರ ಕೇಳಿಸಿತು. ಮರುವಾರವೇ ಗಾಜಿನ ಮುಚ್ಚಳ ಬಂತು.

ಹೆಜ್ಜೆ 7: ಬೆಳಕು, ತಂತಿ, ಟಾಯ್ಲೆಟ್

ಚರ್ಚಿನ ಪೀಠ ಸಾಮಾನ್ಯವಾಗಿ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರ ಹಜಾರಕ್ಕೆ ಬೀಳುತ್ತದೆ. ಪೂರ್ವಕ್ಕೆ ಬೆನ್ನು ಹಾಕಿದವರ ಕಂಪ್ಯೂಟರ್ ಪರದೆಯ ಮೇಲೆ ಬಿಸಿಲು, ಪೂರ್ವಕ್ಕೆ ಮುಖ ಮಾಡಿದವರ ಕಣ್ಣಿಗೆ ಬಿಸಿಲು. ಮೇಜುಗಳನ್ನು ಉತ್ತರ ಅಥವಾ ದಕ್ಷಿಣಕ್ಕೆ ಮುಖ ಮಾಡಿ ಹಾಕಿ. ಬಣ್ಣದ ಗಾಜಿನ ಕೆಳಗೆ ಡಿಸೈನರ್‌ಗಳನ್ನು ಕೂರಿಸಬೇಡಿ, ಅವರ ಬಿಳಿ ಹತ್ತು ಗಂಟೆಗೆ ಗುಲಾಬಿ, ಹನ್ನೊಂದಕ್ಕೆ ನೀಲಿ. ಆ ಕಿಟಕಿಗಳ ಕೆಳಗೆ ಸೋಫಾ ಇಡಿ.

ದೀಪಗಳನ್ನು ಛಾವಣಿಯಿಂದ ಇಳಿಬಿಡಬೇಡಿ. ಬಲ್ಬು ಬದಲಿಸಲು ಪ್ರತಿ ಸಲ ಅಟ್ಟಣಿಗೆ ಕಟ್ಟಬೇಕಾಗುತ್ತದೆ. ಮೇಜಿಗೊಂದು ದೀಪ, ಅಟ್ಟದ ಅಂಚಿನಿಂದ ಮೇಲ್ಮುಖ ಬೆಳಕು, ಸಾಕು.

ಟಾಯ್ಲೆಟ್ ಎಲ್ಲಿ ಎಂದು ಮೊದಲ ದಿನವೇ ಯೋಚಿಸಿ. ಹಳೆಯ ಚರ್ಚುಗಳಲ್ಲಿ ಹೆಚ್ಚಾಗಿ ಚರಂಡಿಯೇ ಇರುವುದಿಲ್ಲ. ರಸ್ತೆಯ ಚರಂಡಿ ತನಕ ಸಮಾಧಿಗಳ ನಡುವೆ ಅಗೆಯಬೇಕು. ಗಂಟೆಗೋಪುರದ ಬುಡ, ಇಲ್ಲವೆ ಪಾದ್ರಿಗಳು ಉಡುಪು ಬದಲಿಸುತ್ತಿದ್ದ ಕೋಣೆ, ಇವೆರಡರಲ್ಲಿ ಚರಂಡಿಗೆ ಹತ್ತಿರದ್ದನ್ನು ಆರಿಸಿ.

ಹೆಜ್ಜೆ 8: ಬೆಂಕಿ ಮತ್ತು ಮೆಟ್ಟಿಲು

ಆಫೀಸಿನಲ್ಲಿ ಒಂದೇ ದಿಕ್ಕಿಗೆ ಓಡುವಂತಿದ್ದರೆ 18 ಮೀಟರಿನೊಳಗೆ, ಎರಡು ದಿಕ್ಕಿದ್ದರೆ 45 ಮೀಟರಿನೊಳಗೆ ಹೊರದಾರಿ ಸಿಗಬೇಕು. ಅಟ್ಟದ ದೂರದ ತುದಿ ಇಲ್ಲೇ ಸಿಕ್ಕಿಬೀಳುತ್ತದೆ. ಗೋಪುರದ ಸುರುಳಿ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೊಡ್ಡ ಬಾಗಿಲು ಒಳಕ್ಕೆ ತೆರೆಯುವುದಾದರೆ ಆಫೀಸು ನಡೆಯುವಷ್ಟು ಹೊತ್ತು ಅದನ್ನು ತೆರೆದೇ ಕಟ್ಟಿಡಿ, ಒಳಗೆ ಗಾಜಿನ ಎರಡನೇ ಬಾಗಿಲು ಇರಲಿ. ಎತ್ತರದ ಹಜಾರದಲ್ಲಿ ಹೊಗೆ ತಣ್ಣಗಾಗಿ ನಡುವೆಯೇ ನಿಂತುಬಿಡಬಹುದು, ಮಾಮೂಲಿ ಡಿಟೆಕ್ಟರ್ ತಲುಪದಿರಬಹುದು. ಗಾಳಿಯನ್ನು ಕೊಳವೆಯಿಂದ ಎಳೆದು ಪರೀಕ್ಷಿಸುವ ಬಗೆ ಒಳ್ಳೆಯದು.

ಬಾಗಿಲ ಮುಂದೆ ಮೂರು ಮೆಟ್ಟಿಲು, ಅಂದರೆ ಸುಮಾರು 45 ಸೆಂಟಿಮೀಟರ್ ಇದ್ದರೆ, 20ಕ್ಕೆ 1ರ ಹಿತವಾದ ಇಳಿಜಾರಿಗೆ 9 ಮೀಟರ್ ಜಾಗ ಬೇಕು. ಗಾಲಿಕುರ್ಚಿಯವರನ್ನು ಹಿಂಬಾಗಿಲಿಗೆ ಕಳಿಸಬೇಡಿ. ಮುಂಬಾಗಿಲಲ್ಲೇ ಅಂಗಳದ ನೆಲವನ್ನು ನಿಧಾನ ಏರಿಸಿಕೊಂಡು ಹೋದರೆ ಇಳಿಜಾರು ಇದೆ ಎಂದೇ ಗೊತ್ತಾಗುವುದಿಲ್ಲ. ಗೋಡೆಗೆ ತಾಗುವ ಕಡೆ ಮಾತ್ರ ಚರಂಡಿ ಬಿಡಿ.

ಹೆಜ್ಜೆ 9: ಹಣ, ಮೇಸ್ತ್ರಿ

ಮನೆ, ದತ್ತಿ ಬಳಕೆಯಂಥ ಕೆಲವು ಬಗೆಯ ಲಿಸ್ಟೆಡ್ ಕಟ್ಟಡಗಳಿಗೆ ಒಪ್ಪಿಗೆ ಪಡೆದು ಮಾಡುವ ಬದಲಾವಣೆಗೆ ಮೊದಲು ವ್ಯಾಟ್ ಇರಲಿಲ್ಲ. 2012ರ ಅಕ್ಟೋಬರಿನಿಂದ 20 ಪರ್ಸೆಂಟ್. ಹಳೆಯ ಸಲಹೆ ಕೇಳಿ ಲೆಕ್ಕ ತಪ್ಪುವವರು ಈಗಲೂ ಇದ್ದಾರೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನೇ ಹುಡುಕಿ. ಹುಡುಕುವುದು ಸುಲಭ: ಡಿಸೆಂಬರಿನಲ್ಲಿ ಗಾರೆ ಹಾಕುತ್ತೀರಾ ಎಂದು ಕೇಳಿ. ಹಾಕುತ್ತೇನೆ ಎಂದವರಿಗೆ ಟೀ ಕೊಟ್ಟು ಕಳಿಸಿ. ಹಸಿ ಸುಣ್ಣ ಹಿಮಕ್ಕೆ ನಿಲ್ಲುವುದಿಲ್ಲ.

ಹೆಜ್ಜೆ 10: ಮೊದಲ ಚಳಿಗಾಲ

ಕೆಲಸ ಮುಗಿಯಿತು, ಜನ ಬಂದರು. ಈಗ ಹಜಾರದ ನಾಲ್ಕು ಮೂಲೆಯಲ್ಲಿ, ಎರಡು ಎತ್ತರದಲ್ಲಿ, ತೇವ ಮತ್ತು ಶಾಖ ಅಳೆಯುವ ಸಣ್ಣ ಉಪಕರಣ ಇಡಿ. ಒಂದು ವರ್ಷದ ಅಂಕಿ ಬರೆದಿಡಿ. ಮೇಲೆ ಕೆಳಗೆ ಐದಾರು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಶಾಖ ಎಲ್ಲೋ ಏರಿ ಹೋಗುತ್ತಿದೆ, ಅದನ್ನು ಹುಡುಕಿ. ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಜನವರಿ ತನಕ ಪಕ್ಕಾ ಮಾಡಬೇಡಿ. ಬೆಚ್ಚಗಿನ ಜಾಗವನ್ನು ಜನರೇ ಹುಡುಕಿಕೊಳ್ಳುತ್ತಾರೆ, ಬೆಕ್ಕಿನ ಹಾಗೆ.

ಎಲೆ ಪೂರ್ತಿ ಉದುರಿದ ಮೇಲೆ, ನವೆಂಬರ್ ಕೊನೆಗೆ, ಗಟರ್ ತೆಗೆಸಿ. ಮತ್ತೆ ಬೇಸಿಗೆಯ ಮೊದಲು ಇನ್ನೊಮ್ಮೆ. ನಮ್ಮ ಚರ್ಚಿನಲ್ಲಿ ಮೊದಲ ವರ್ಷ ಇಳಿಕೊಳವೆಯ ಬಾಯಿಗೆ ಕಾಗೆ ಜಾತಿಯ ಹಕ್ಕಿಯೊಂದು ಕಡ್ಡಿ ತುರುಕಿತ್ತು. ಕಾರ್ಪೆಟ್ಟಿಗೆ ಬಂದ ಕಂದು ಕಲೆಯನ್ನು ಎಲ್ಲರೂ ಕಾಫಿ ಎಂದುಕೊಂಡಿದ್ದರು. ಮಳೆ ಜೋರಾದ ದಿನ ಛತ್ರಿ ಹಿಡಿದು ಹೊರಗೆ ಒಂದು ಸುತ್ತು ಹಾಕಿದ ಮೇಲೆ ಗೊತ್ತಾಯಿತು. ದುರ್ಬೀನು ಈಗ ರಿಸೆಪ್ಶನ್ ಮೇಜಿನ ಡ್ರಾಯರಿನಲ್ಲಿದೆ.